ಮಾತ್ರೆಯ ಬದಲಿಗೆ

ಮಾರ್ಚ್ 3, ಸಂಜೆ

ಡಬ್ಬಿಯ ಮೇಲಿನ ಆ ಸಾಲು ನನ್ನದು. ಒಂದೂವರೆ ವರ್ಷದಿಂದ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಅಮ್ಮನ ತಮ್ಮ, ನನ್ನ ಮಾವ, ಕ್ಯಾಪ್ಸೂಲ್ ತುಂಬುವ ಕೋಣೆ ಶುರುಮಾಡಿದ ಹೊಸತು; ನಾನೂ ಅಲ್ಲೇ ಕೆಲಸಕ್ಕೆ. ಒಳಗೆ ತುಂಬುವುದು ಬೆಳ್ಳುಳ್ಳಿ ಪುಡಿ, ಮೆಂತ್ಯ, ಅಗಸೆ. ಕೊಲೆಸ್ಟ್ರಾಲ್ ಇಳಿಸುವುದಕ್ಕೆ. ಲೇಬಲ್ಲಿಗೆ ಒಂದು ಸಾಲು ಗೀಚಿಕೊಡು ಎಂದ ಮಾವ. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ. “ಮಾತ್ರೆಯ ಜೊತೆಗೆ ಪ್ರಕೃತಿ.” ಸಪ್ಪೆ ಅನ್ನಿಸಿತು. “ಜೊತೆಗೆ” ಹೊಡೆದುಹಾಕಿ “ಬದಲಿಗೆ” ಎಂದು ಬರೆದೆ. ಮಾವ ಮೇಜು ಕುಟ್ಟಿದ. “ಹತ್ತನೇ ಕ್ಲಾಸ್ ಬಿಟ್ಟೋಳ ತಲೆ ನೋಡ್ರೋ!” ಖುಷಿಯಾಗಿತ್ತು. ಅದನ್ನೂ ಬರೆದಿಡಬೇಕು.

ಇವತ್ತು ಯಾಕೆ ಬರೆಯುತ್ತಿದ್ದೇನೆಂದರೆ, ಅಪ್ಪ ಡಾಕ್ಟರ್ ಕೊಟ್ಟ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ತಿಂಗಳಾಗಿದೆ. ಅಪ್ಪನ ಹೊಲಿಗೆ ಮೆಷಿನ್ನಿನ ಪಕ್ಕದ ಗುಂಡಿ ಡಬ್ಬಿಯಲ್ಲಿ ಸೂಜಿ ಹುಡುಕುತ್ತಿದ್ದೆ. ಗುಂಡಿಗಳ ನಡುವೆ ಮಾತ್ರೆಯ ಪಟ್ಟಿಗಳು. ಒಂದೂ ಒಡೆದಿಲ್ಲ. ಮೇಲೆ ನಮ್ಮ ಕ್ಯಾಪ್ಸೂಲ್ ಡಬ್ಬಿ, ಅರ್ಧ ಖಾಲಿ.

ಮಾರ್ಚ್ 5

ಮಾವನಿಗೆ ಹೇಳಿದೆ, ಲೇಬಲ್ ಬದಲಿಸು ಎಂದು. ಕ್ಯಾಪ್ಸೂಲ್ ಟ್ರೇಯ ನೂರು ತೂತುಗಳಿಗೆ ಪುಡಿ ಎಳೆಯುತ್ತಾ ಹೇಳಿದೆ, ಮುಖ ನೋಡದೆ.

“ಒಂದು ಪದಕ್ಕೋಸ್ಕರ ಅಷ್ಟೂ ಲೇಬಲ್ ಒಲೆಗೆ ಹಾಕ್ಲಾ? ಬೆಳ್ಳುಳ್ಳಿ ತಿಂದು ಯಾರು ಸತ್ತಿದ್ದಾರೆ?”

“ಬೆಳ್ಳುಳ್ಳಿ ತಿಂದಲ್ಲ ಮಾವ. ಮಾತ್ರೆ ಬಿಟ್ಟು.”

“ಬಂದ್ಲಪ್ಪ ಡಾಕ್ಟ್ರಮ್ಮ! ಸ್ಟೆತಾಸ್ಕೋಪ್ ಎಲ್ಲಿ, ಮನೇಲಿ ಮರೆತು ಬಂದ್ಯಾ?”

ಪ್ಯಾಕಿಂಗ್ ಮೇಜಿನವರು ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ?

ಮಾರ್ಚ್ 8, ಮಧ್ಯಾಹ್ನ

ಅಪ್ಪನ ಜೊತೆ ಮಾತು. ಅವನು ಯಾರದೋ ಪ್ಯಾಂಟಿನ ಸೊಂಟ ಬಿಡಿಸುತ್ತಿದ್ದ. ಬಾಯಲ್ಲಿ ಗುಂಡುಪಿನ್ನು.

“ಮಾತ್ರೆ ಮತ್ತೆ ಶುರು ಮಾಡು ಅಪ್ಪ.”

“ಅದನ್ನ ತಗೊಂಡ್ರೆ ತೊಡೆ ಹಿಡ್ಕೊಳ್ಳುತ್ತೆ ಕಣೇ, ಕತ್ತರಿ. ಪೆಡಲ್ ನೀನು ತುಳೀತೀಯಾ?”

“ಡಾಕ್ಟರಿಗೆ ಹೇಳು. ಬೇರೆ ಕೊಡ್ತಾರೆ.”

ಪಿನ್ನು ತೆಗೆದು ನನ್ನ ಮುಖ ನೋಡಿದ. “ಯಾಕೆ? ಡಬ್ಬಿ ಮೇಲೆ ಬರೆದಿರೋದು ಸುಳ್ಳಾ?”

ಅಪ್ಪ ನನ್ನನ್ನು ಕತ್ತರಿ ಎನ್ನುವುದು ಮುಚ್ಚಿಟ್ಟು ಮಾತಾಡಲು ನನಗೆ ಬರುವುದಿಲ್ಲವೆಂದು. ಪರೀಕ್ಷೆಯಲ್ಲಿ ಬೆಂಚಿನ ಕೆಳಗೆ ಚೀಟಿ ಸಿಕ್ಕಿ, ಯಾರದು ಎಂದು ಕೇಳಿದಾಗ ಎದ್ದು ನಿಂತು ನನ್ನದು ಎಂದವಳು ನಾನು. ಸ್ಕೂಲಿಗೆ ಅದೇ ಕೊನೆ. ಅಮ್ಮ ಹಣೆ ಚಚ್ಚಿಕೊಂಡಳು. ಅಪ್ಪ ಮಾತ್ರ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿದ.

ಇವತ್ತು ಮಾತ್ರ ಎದ್ದು ಒಳಗೆ ನಡೆದೆ. ಕೈ ತೊಳೆಯಲು ಹೋದೆ. ಎಷ್ಟು ತೊಳೆದರೂ ಬೆಳ್ಳುಳ್ಳಿ ವಾಸನೆ.

ಮಾರ್ಚ್ 9

ನಾಳೆ ಹೇಳುತ್ತೇನೆ.

ಮಾರ್ಚ್ 27, ಆಸ್ಪತ್ರೆ, ಬೆಳಿಗ್ಗೆ 11

ಹದಿಮೂರನೇ ತಾರೀಖು ಅಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ಕೆಳಗೆ ಬಿತ್ತು. ಎತ್ತಲು ಬಗ್ಗಿದವನು ಏಳಲಿಲ್ಲ. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು... ಮೂರೂ ಹೋದವು.

ಇಷ್ಟು ದಿನ ಈ ಪುಸ್ತಕ ಮುಟ್ಟಲಾಗಲಿಲ್ಲ.

ನಾನು ಒಯ್ದಿದ್ದ ಡಬ್ಬಿಯನ್ನು ಡಾಕ್ಟರ್ ತಿರುಗಿಸಿ ಓದಿದರು. ಬೈಯಲಿಲ್ಲ. ಬೈಯಬಾರದಿತ್ತೇ? “ಮಾತ್ರೆ ತಗೊಂಡಿದ್ರೆ ಆಗ್ತಿರಲಿಲ್ಲ ಅಂತ ನಾನು ಹೇಳಲ್ಲಮ್ಮ. ಆದ್ರೆ ಬಿಡಬಾರದಿತ್ತು. ನನ್ನನ್ನ ಕೇಳಿ ಇದನ್ನ ಜೊತೆಗೆ ತಗೊಂಡಿದ್ರೆ ಸರಿ. ಬದಲಿಗೆ ಅಂತ ಯಾರು ಹೇಳಿದ್ರು?”

ಅವರು ನಿಜಕ್ಕೂ ಉತ್ತರ ಕೇಳಿದ್ದರು. “ನಾನು” ಎಂದೆ. ಅಮ್ಮ ನನ್ನ ಕಡೆ ತಿರುಗಿದಳು.

ಏಪ್ರಿಲ್ 4, ಮನೆ

ಅಪ್ಪನ ಪಕ್ಕ ಕೂತು ಎಲ್ಲ ಹೇಳಿದೆ. ಹೊಡೆದುಹಾಕಿದ ಪದ, ಮಾವ ಮೇಜು ಕುಟ್ಟಿದ್ದು, ನನ್ನ ಖುಷಿ. ಅಪ್ಪ ಎಡಗೈಯಿಂದ ಮೆಷಿನ್ನಿನ ಕಡೆ ತೋರಿಸಿದ. ಗುರುತು ಹಾಕುವ ಸೀಮೆಸುಣ್ಣ ಬೇಕಿತ್ತು. ಅವನ ತೊಡೆಯ ಮೇಲೆ ಕಪ್ಪು ಬಟ್ಟೆಯ ತುಂಡು ಹಾಸಿದೆ. ಬಹಳ ಹೊತ್ತು ಹಿಡಿಯಿತು. ಅಕ್ಷರಗಳು ಒಂದರ ಮೇಲೊಂದು.

ಗೊತ್ತಿತ್ತು. ನಿನ್ನ ನೋಟ್‌ಬುಕ್ ನೋಡಿದ್ದೆ.

ಬಟ್ಟೆ ತಿರುವಿದೆ. ಮತ್ತೆ ಬರೆದ.

ನೀನು ಬರೆದದ್ದು ಅಂತಲೇ ನಂಬಿದೆ.

ಅಂದರೆ ಅವತ್ತು ಕೇಳಿದ್ದು ಡಬ್ಬಿಯ ವಿಷಯವಲ್ಲ. ನನ್ನನ್ನು ಕೇಳಿದ್ದ. ನಾನೋ ಕೈ ತೊಳೆಯಲು ಹೋದೆ.

ಏಪ್ರಿಲ್ 6, ಬೆಳಿಗ್ಗೆ

ಮಾವ ಬಂದಿದ್ದ. ಕೈಯಲ್ಲಿ ಎರಡು ಡಬ್ಬಿ, ಅದೇ ಲೇಬಲ್. “ಭಾವನಿಗೆ ಶಕ್ತಿ ಬರಲಿ” ಎಂದ. ತಮಾಷೆಯಲ್ಲ, ಮನಸಾರೆ. ಅದೇ ಭಯ ನನಗೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹೊರಗಿನಿಂದಲೇ ಕೇಳಿದರು, “ನಮಗೂ ಒಂದು ಡಬ್ಬಿ ತೆಗೆದಿಡಮ್ಮ.”

“ನಿಮ್ಮ ಮಾತ್ರೆ ಬಿಟ್ಟಿದ್ದೀರಾ ಸಾರ್?”

“ಮತ್ತೆ? ಬದಲಿಗೆ ಅಂತ ಇದೆಯಲ್ಲ!”

ಅವರಿಗೆ ಎಲ್ಲ ಹೇಳಿದೆ. ಮಾವನ ಎದುರಿಗೇ. ಅವನು ಡಬ್ಬಿಗಳನ್ನು ಎತ್ತಿಕೊಂಡು ಹೋದ. ಆದರೆ ಅಂಗಡಿಗಳಲ್ಲಿರುವವು?

ಏಪ್ರಿಲ್ 7, ಸಂಜೆ

ಲೇಬಲ್ ಬಗ್ಗೆ ದೂರು ಕೊಡಬೇಕಾದ ಔಷಧಿ ತಪಾಸಣೆ ಕಚೇರಿ ಇರುವುದು ದೊಡ್ಡ ಊರಿನಲ್ಲಿ. ನೋಟ್‌ಬುಕ್ಕಿನ ಆ ಹಾಳೆ ಹರಿದಿಲ್ಲ, ಇಡೀ ಪುಸ್ತಕವೇ ಚೀಲಕ್ಕೆ ಹಾಕಿದ್ದೇನೆ. ಒಂದು ಡಬ್ಬಿಯೂ ಇದೆ.

“ಅವನು ನನ್ನ ಒಡಹುಟ್ಟಿದವನು ಕಣೇ” ಎಂದಳು ಅಮ್ಮ. “ಅವನ ಬಾಗ್ಲು ಮುಚ್ಚಿಸಿ ಯಾವ ಮುಖ ಹೊತ್ಕೊಂಡು ವಾಪಸ್ ಬರ್ತೀಯ? ಬರಬೇಡ.”

ಅಪ್ಪನನ್ನು ಕೇಳಿದೆ, ಹೋಗಲಾ ಎಂದು. ಸೀಮೆಸುಣ್ಣ ಕೊಟ್ಟೆ. ಹಿಡಿದುಕೊಂಡೇ ಇದ್ದ.

ನಾಳೆ ಏಳು ಗಂಟೆಯ ಬಸ್ಸಿಗೆ ಹೊರಡುತ್ತೇನೆ.