ಮನೆ ಮಾರಿದ ಕಾಂಪೌಂಡರ್ ಅಜ್ಜ

ಅಕ್ಕಾ,

ಅಂತೂ ಮನೆ ಕೊಂಡೆವು. ಪೇಟೆಯಲ್ಲಿ ಒಂದು ಕೋಣೆಗೂ ಸಾಕಾಗದ ದುಡ್ಡಿಗೆ ಈ ಹಳ್ಳಿಯಲ್ಲಿ ಬಾವಿ, ಹಿತ್ತಲು ಸಮೇತ ಸಿಕ್ಕಿತು. ಆದರೆ ಮನೆ ಯಾರದೆಂದು ನನಗೇ ತಿಳಿಯದಂತಾಗಿದೆ.

ನಮಗೆ ಮಾರಿದ ಕಾಂಪೌಂಡರ್ ಅಜ್ಜ ಈಗ ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಮರೆವು. ನಿನ್ನೆ ಬೆಳಿಗ್ಗೆ ತಮ್ಮ ಹಳೇ ಬೀಗದಕೈಯಿಂದ ಬಾಗಿಲು ತೆಗೆದು ಒಳಗೆ ಬಂದವರು, ಒಲೆಯ ಮುಂದಿದ್ದ ನನ್ನನ್ನು ನೋಡಿ, "ಯಾರಿಗಮ್ಮಾ ಹುಷಾರಿಲ್ಲ?" ಎಂದರು. ನಾನು ತಬ್ಬಿಬ್ಬಾಗಿ, "ನಮ್ಮೆಜಮಾನ್ರಿಗೆ ಕೆಮ್ಮು," ಎಂದುಬಿಟ್ಟೆ. ಅಜ್ಜ ಮಲಗಿದ್ದ ಇವರನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ಕಿವಿಯಿಟ್ಟು ಕೇಳಿ, "ಸಿಗರೇಟು ಬಿಡಪ್ಪ, ಹೆಂಡ್ತಿ ಹೆದರಿದಾಳೆ," ಎಂದರು. ನಾನು ಸಿಗರೇಟಿನ ಮಾತೇ ಎತ್ತಿರಲಿಲ್ಲ. ಅಷ್ಟರಲ್ಲಿ ಹುಡುಕುತ್ತ ಬಂದ ಮಗಳು ನಾಚಿಕೊಂಡು, "ಬೀಗ ಬದಲಾಯಿಸ್ಬಿಡಿ ಅಕ್ಕ," ಎಂದಳು.

ಬೀಗದವನನ್ನು ಕರೆಸಿದವರು ಇವರೇ. ಅವನು ಇವತ್ತು ಬಂದಾಗ "ಈಗ ಬೇಡ" ಎಂದು ಕಳಿಸಿದವರೂ ಇವರೇ. ಯಾಕೆಂದು ಕೇಳಿದರೆ, "ನಾಳೆ ಅವ್ರು ಬಂದ್ರೆ ಹೊರಗೆ ನಿಲ್ಬೇಕಾಗತ್ತಲ್ಲ," ಎನ್ನುತ್ತಾರೆ. ಇವರಿಗೆ ಕೆಮ್ಮು ಹಾಗೇ ಇದೆ, ಆದರೆ ನಿನ್ನೆಯಿಂದ ಸೇದಿಲ್ಲ. ಈ ಮನೆ ನಮ್ಮದೋ ಅಜ್ಜನದೋ, ನೀನೇ ಬರೆದು ತಿಳಿಸು. ಅಂಚೆಯವನು ಕಾಯುತ್ತಿದ್ದಾನೆ.

ನಿನ್ನ ತಂಗಿ