ಲಿಂಟ್ಸ್‌ನಲ್ಲಿ ನಿನ್ನ ಜಾಗ

ಅಪ್ಪಾ,

ಬೆನ್ನಿಗೆ ಚೀಲ ಹಾಕಿಕೊಂಡು ಯೂರೋಪ್ ಸುತ್ತುತ್ತಿರುವವಳು ನಿನ್ನೆ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ನಿನ್ನ ತಂಗಿಯ ಮನೆಗೆ ಹೋಗಿದ್ದೆ. ರೋಸ್‌ವಿಥಾ ಅತ್ತೆ ಸೇಬು ತುಂಬಿದ ಸ್ಟ್ರೂಡೆಲ್ ಸಿಹಿತಿಂಡಿ ಕೊಟ್ಟು, "ನಿಮ್ಮಪ್ಪನ ಸಮಾಧಿ ಜಾಗದ ಗುತ್ತಿಗೆ ಈ ತಿಂಗಳು ಮುಗಿಯುತ್ತೆ. ಯಾರೂ ಮುಂದುವರಿಸದಿದ್ರೆ ಕಲ್ಲು ಕಿತ್ತು ಬೇರೆಯವರಿಗೆ ಕೊಡ್ತಾರೆ. ನೀನು ಸಹಿ ಹಾಕ್ತೀಯೇನೇ?" ಎಂದಳು.

"ನಾನಿರೋ ಹಾಸ್ಟೆಲ್‌ನಲ್ಲೂ ಹಾಗೇ ಅತ್ತೆ. ಅವಧಿ ಮುಗಿದ ಮೇಲೆ ಮಂಚ ಖಾಲಿ ಮಾಡ್ಬೇಕು."

"ನಾಲಿಗೆ ಥೇಟ್ ಅವನದೇ," ಎಂದಳು.

ಅಮ್ಮನನ್ನೂ ನನ್ನನ್ನೂ ಬಿಟ್ಟುಹೋದ ನಿನ್ನಿಂದ ನನಗೆ ಬಂದ ಆಸ್ತಿ ಅದೊಂದೇ.

ಸಹಿ ಹಾಕದೆ ಎದ್ದು ಸ್ಮಶಾನಕ್ಕೆ ಹೋದೆ. ನಿನ್ನ ಸಮಾಧಿಯ ಮೇಲಿದ್ದ ಬೆಗೋನಿಯಾ ಹೂವಿನ ಕುಂಡವನ್ನು ಎತ್ತಿಕೊಂಡು ಬಂದು ಹಾಸ್ಟೆಲ್ ಕಿಟಕಿಯಲ್ಲಿಟ್ಟಿದ್ದೇನೆ. ಎರಡು ಸಲ ನೀರು ಹಾಕಿದೆ. ನಾಳೆ ಬೆಳಿಗ್ಗೆ ಪ್ರಾಗ್‌ಗೆ ಹೊರಡುತ್ತೇನೆ. ಎರಡು ಅಂಗಿ ಹೊರಗೆ ತೆಗೆದರೆ ಚೀಲದಲ್ಲಿ ಕುಂಡಕ್ಕೆ ಜಾಗವಾಗುತ್ತದೆ.

ತೆಗೆಯುವುದಿಲ್ಲ.