ಮೊಮ್ಮಗಳ ಚಿತ್ರಕ್ಕೆ ಜಾಗ

ಲ್ಯಾಬಿನ ದೊಡ್ಡ ಡಾಕ್ಟರಿಗೆ ಅಜ್ಜಿಯೊಬ್ಬಳ ನಮಸ್ಕಾರ.

ನನ್ನ ಮೊಮ್ಮಗಳ ಕುತ್ತಿಗೆಯ ಗಂಟಿನಿಂದ ತೆಗೆದ ಚೂರನ್ನಿಟ್ಟ ಗಾಜಿನ ಸ್ಲೈಡ್ ನಿಮ್ಮಲ್ಲಿ ಒಡೆದುಹೋಯಿತು. ಉಳಿದದ್ದು ಕಂಪ್ಯೂಟರಿನಲ್ಲಿ ತೆಗೆದಿಟ್ಟ ಅದರ ಚಿತ್ರ. ನೀವು ಅದನ್ನು ಹಿಂಡಿ ಚಿಕ್ಕದು ಮಾಡಿ ಕಳಿಸಿದ್ದರಿಂದ, ಗಂಟು ಕೆಟ್ಟದ್ದೋ ಅಲ್ಲವೋ ಹೇಳಲಾಗದು ಎಂದರು ಇನ್ನೊಬ್ಬ ಡಾಕ್ಟರು. ಮತ್ತೆ ಕೊಯ್ಯಬೇಕಂತೆ. ಹುಡುಗಿ ಅನ್ನ ಬಿಟ್ಟಿದ್ದಾಳೆ.

“ದೊಡ್ಡ ಫೈಲ್ ಇಡೋಕೆ ಖರ್ಚು ಜಾಸ್ತಿ ಅಜ್ಜಿ, ಕಣ್ಣಿಗೆ ಎರಡೂ ಒಂದೇ” ಎಂದ ನಿಮ್ಮ ಕಂಪ್ಯೂಟರಿನವನು.

“ನಿನ್ನ ಕಣ್ಣಿಗಪ್ಪಾ, ರೋಗ ಹುಡುಕೋರ ಕಣ್ಣಿಗಲ್ಲ” ಎಂದೆ. ಎಮ್ಮೆ ಮಾರಿ ಹಗ್ಗ ಉಳಿಸುವ ಜಾಣರು ನೀವು.

ಹಿಂಡದ ದೊಡ್ಡ ಚಿತ್ರ ಇನ್ನೂ ನಿಮ್ಮಲ್ಲೇ ಇದೆಯಂತೆ, ನಾಳೆ ಅಳಿಸುತ್ತಾರಂತೆ. ಕೈ ಮುಗಿಯುತ್ತೇನೆ, ಅಳಿಸಬೇಡಿ, ಅದನ್ನೇ ಆ ಡಾಕ್ಟರಿಗೆ ಕಳಿಸಿ. ಜಾಗ ಸಾಲದಿದ್ದರೆ ನನ್ನ ಹೊಟ್ಟೆಯ ಗಡ್ಡೆಯ ಚಿತ್ರವೂ ಅಲ್ಲೇ ಇದೆ, ಅದನ್ನು ತೆಗೆದುಹಾಕಿ. ಅದರಲ್ಲಿ ಏನಿದೆಯೆಂದು ನನಗೆ ಆಗಲೇ ಹೇಳಿದ್ದಾರೆ.

ಇಂತಿ,
ಆ ಹುಡುಗಿಯ ಅಜ್ಜಿ